ಒರೆಸದ ಸ್ಲೇಟು: ಕೋಡ್ ಮುಟ್ಟದಿದ್ದರೂ ಬಿಲ್ಡ್ ಕೆಡುವುದೇಕೆ?

ಪ್ರೋಗ್ರಾಮರ್ ಬರೆದ ಕೋಡನ್ನು ಯಂತ್ರದ ಭಾಷೆಗೆ ಬದಲಿಸುವ, ಅಂದರೆ ಕಂಪೈಲ್ ಮಾಡುವ, ಜಿಸಿಸಿ ಎಂಬ ಕಂಪೈಲರ್‌ನಲ್ಲಿ ಒಂದು ಏರ್ಪಾಡಿದೆ. ಫೈಲೊಂದನ್ನು ಕಂಪೈಲ್ ಮಾಡುವಾಗ ತಾನೇ ಕುಸಿದುಬಿದ್ದರೆ, ಅದೇ ಕೆಲಸವನ್ನು ಇನ್ನೂ ಕೆಲವು ಸಲ ಮಾಡಿ ನೋಡುವಂತೆ ಅದನ್ನು ಹೊಂದಿಸಬಹುದು. ಪ್ರತಿ ಸಲವೂ ಒಂದೇ ರೀತಿ ಕುಸಿದರೆ ಬಗ್ ವರದಿಗೆ ಬೇಕಾದ ಫೈಲನ್ನು ಸಿದ್ಧಪಡಿಸಿಕೊಡುತ್ತದೆ. ಒಂದೊಂದು ಸಲ ಒಂದೊಂದು ರೀತಿ ನಡೆದುಕೊಂಡರೆ, 'ಈ ಬಗ್ ಮರುಕಳಿಸುತ್ತಿಲ್ಲ, ಹಾಗಾಗಿ ಇದು ಬಹುಶಃ ಹಾರ್ಡ್‌ವೇರ್ ಅಥವಾ ಆಪರೇಟಿಂಗ್ ಸಿಸ್ಟಮ್‌ನ ತೊಂದರೆ' ಎಂಬರ್ಥದ ಸಾಲೊಂದನ್ನು ಮುದ್ರಿಸಿ ಸುಮ್ಮನಾಗುತ್ತದೆ.

ಈ ತೀರ್ಮಾನಕ್ಕೆ ಹಿನ್ನೆಲೆ ಇಲ್ಲದಿಲ್ಲ. 1990ರ ದಶಕದಲ್ಲಿ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಅನ್ನು ಕಂಪೈಲ್ ಮಾಡುತ್ತಿದ್ದವರು ನಡುವೆಯೇ 'ಸಿಗ್ನಲ್ 11' (ಮುಟ್ಟಬಾರದ ಮೆಮೊರಿ ಮುಟ್ಟಿದ ಸೂಚನೆ) ಎಂದು ನಿಂತುಹೋಗುವುದನ್ನು ಬೇಕಾದಷ್ಟು ಕಂಡಿದ್ದರು. ಎಷ್ಟೋ ಸಲ ಅಪರಾಧಿ ಕೆಟ್ಟ ರ್‍ಯಾಮ್ ಚಿಪ್ಪೇ ಆಗಿರುತ್ತಿತ್ತು. ಆದರೆ ಆ ಸಂದೇಶ ಹೆಸರಿಸುವ ಇಬ್ಬರು ಶಂಕಿತರಲ್ಲದೆ ಮೂರನೆಯವನೂ ಒಬ್ಬನಿದ್ದಾನೆ. ರ್‍ಯಾಮ್ ಚೆನ್ನಾಗಿದೆ, ಆಪರೇಟಿಂಗ್ ಸಿಸ್ಟಮ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ. ಆದರೂ ಅದೇ ಪ್ರೋಗ್ರಾಂ ಅದೇ ಫೈಲಿಗೆ ಬೇರೆ ಬೇರೆ ಉತ್ತರ ಕೊಡುತ್ತಿದೆ. ಏಕೆಂದರೆ ಅದು ಎಲ್ಲೋ ಒಂದು ಕಡೆ, ತಾನು ಎಂದೂ ಬರೆಯದ ಜಾಗದಿಂದ ಓದುತ್ತಿದೆ. ಬೆಲೆ ತುಂಬದ ಮೆಮೊರಿ ಎಂದರೆ ಇದೇ: ಹಿಂದಿನ ಪಾಠ ಒರೆಸದೆ ಕೈಗೆ ಕೊಟ್ಟ ಸ್ಲೇಟು.

ಸಾಮಾನ್ಯ ಪ್ರೋಗ್ರಾಂ ಒಂದರಲ್ಲಿ ಈ ತಪ್ಪಾದರೆ ಆ ಪ್ರೋಗ್ರಾಂ ಕೆಡುತ್ತದೆ, ಅಷ್ಟೇ. ಬಿಲ್ಡ್‌ನೊಳಗೆ ನಡೆಯುವಾಗ ಅದು ಇನ್ನಷ್ಟು ಜಟಿಲವಾಗುತ್ತದೆ. ಬಿಲ್ಡ್, ಅಂದರೆ ಕೋಡ್‌ನಿಂದ ಓಡಿಸಬಲ್ಲ ಸಾಫ್ಟ್‌ವೇರ್ ಕಟ್ಟುವ ಕೆಲಸ, ಒಂದು ಪ್ರೋಗ್ರಾಂ ಅಲ್ಲ, ಹತ್ತಾರು ಪ್ರೋಗ್ರಾಂಗಳ ಸರಪಳಿ. ಕಂಪೈಲರ್, ಅಸೆಂಬ್ಲರ್, ತುಂಡುಗಳನ್ನು ಕೊನೆಗೆ ಜೋಡಿಸುವ ಲಿಂಕರ್ ಇವೆಲ್ಲ ಇರುತ್ತವೆ. ಇವುಗಳ ಜೊತೆಗೆ ಆ ಪ್ರಾಜೆಕ್ಟಿನವರೇ ಬರೆದ ಸಣ್ಣ ಸಣ್ಣ ಉಪಕರಣಗಳೂ ಇರುತ್ತವೆ: ಕೋಷ್ಟಕ ತಯಾರಿಸುವುದು, ಹೆಡರ್ ಫೈಲು ಹುಟ್ಟಿಸುವುದು, ಚಿತ್ರಗಳನ್ನು ಬೈಟುಗಳ ಪಟ್ಟಿಯಾಗಿ ಬದಲಿಸುವುದು. ಈ ಸಣ್ಣವುಗಳು ಬಿಲ್ಡ್‌ನ ಆರಂಭದಲ್ಲಿ ಕಂಪೈಲ್ ಆಗಿ, ಅದೇ ಬಿಲ್ಡ್‌ನ ಮಧ್ಯದಲ್ಲಿ ಓಡುತ್ತವೆ. ಅವನ್ನು ಯಾರೂ ಪರೀಕ್ಷಿಸುವುದಿಲ್ಲ, ಏಕೆಂದರೆ ಅವು ಬಳಕೆದಾರರ ಕೈಗೆ ಹೋಗುವುದಿಲ್ಲ. ಹೀಗಾಗಿ ತಪ್ಪು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಕೋಷ್ಟಕ ಹುಟ್ಟಿಸುವ ಉಪಕರಣ ಒಂದು ಬೈಟನ್ನು ತಪ್ಪಾಗಿ ಬರೆಯುತ್ತದೆ, ಬಿಲ್ಡ್ ನಿಲ್ಲುವುದು ಎಷ್ಟೋ ಹಂತ ದಾಟಿದ ಮೇಲೆ ಲಿಂಕರ್‌ನ ಬಳಿ. ಆಗ ಎಲ್ಲರ ಕಣ್ಣು ಬೀಳುವುದು ಲಿಂಕರ್ ಮೇಲೆ, ಇಲ್ಲವೇ ಆ ದಿನ ಕೋಡ್ ಸೇರಿಸಿದವರ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಹಾಗಾದರೆ ಆ ಜಾಗದಲ್ಲಿ ಇರುವುದಾದರೂ ಏನು? ಜನ 'ಕಸ' ಎನ್ನುತ್ತಾರೆ. ಆದರೆ ಅದು ಗೊತ್ತುಗುರಿಯಿಲ್ಲದ ಕಸವಲ್ಲ, ಪ್ರತಿ ಬೈಟಿಗೂ ಒಂದು ಇತಿಹಾಸವಿದೆ. ಸಿ ಭಾಷೆಯಲ್ಲಿ ಗ್ಲೋಬಲ್ ಮತ್ತು ಸ್ಟ್ಯಾಟಿಕ್ ವೇರಿಯಬಲ್‌ಗಳಿಗೆ ಬೆಲೆ ಕೊಡದಿದ್ದರೆ ಸೊನ್ನೆ ಎಂದೇ ಭಾಷೆಯ ನಿಯಮ. ಫಂಕ್ಷನ್ ಒಳಗಿನ ಸಾಮಾನ್ಯ ವೇರಿಯಬಲ್‌ಗೆ ಆ ಭರವಸೆ ಇಲ್ಲ. ಅದು ಸ್ಟ್ಯಾಕ್ (ಫಂಕ್ಷನ್‌ಗಳು ಸರದಿಯಲ್ಲಿ ಬಳಸಿ ಬಿಟ್ಟುಕೊಡುವ ಮೆಮೊರಿ) ಮೇಲೆ ಕೂರುವ ಜಾಗದಲ್ಲಿ ಸ್ವಲ್ಪ ಹೊತ್ತಿನ ಮುಂಚೆ ಬೇರಾವುದೋ ಫಂಕ್ಷನ್ ತನ್ನ ವೇರಿಯಬಲ್ ಇಟ್ಟುಕೊಂಡಿತ್ತು. ಆ ಫಂಕ್ಷನ್ ಮುಗಿಯಿತು, ಜಾಗ ಬಿಟ್ಟುಕೊಟ್ಟಿತು, ಬರೆದದ್ದು ಮಾತ್ರ ಹಾಗೇ ಉಳಿಯಿತು. ಮೊದಲು ಕರೆದ ಫಂಕ್ಷನ್ ಯಾವುದು ಎಂಬುದರ ಮೇಲೆ ಈಗ ಸಿಗುವ ಬೆಲೆ ನಿಂತಿದೆ.

ಹೀಪ್‌ನ, ಅಂದರೆ ಪ್ರೋಗ್ರಾಂ ಬೇಕಾದಾಗ ಕೇಳಿ ಪಡೆಯುವ ಮೆಮೊರಿಯ, ಕಥೆ ಇನ್ನೂ ಮೋಸದ್ದು. ಹಾಗೆ ಕೇಳಲು ಮ್ಯಾಲಕ್ ಎಂಬ ಫಂಕ್ಷನ್ ಕರೆದಾಗ ಸಿಗುವ ಮೆಮೊರಿಯನ್ನು ಅದು ಒರೆಸಿ ಕೊಡುವುದಿಲ್ಲ, ಒರೆಸಿಕೊಡುವುದು ಕ್ಯಾಲಕ್. ಆದರೆ ಆಪರೇಟಿಂಗ್ ಸಿಸ್ಟಮ್ ಒಂದು ಪ್ರೋಸೆಸ್‌ಗೆ ಹೊಸ ಪುಟ ಕೊಡುವಾಗ, ಇನ್ನೊಂದು ಪ್ರೋಸೆಸ್‌ನ ಗುಟ್ಟು ಸೋರಬಾರದೆಂದು ಸೊನ್ನೆ ತುಂಬಿಯೇ ಕೊಡುತ್ತದೆ. ಹೀಗಾಗಿ ಪ್ರೋಗ್ರಾಂ ಶುರುವಾದ ಹೊಸತರಲ್ಲಿ ಮ್ಯಾಲಕ್ ಕೊಡುವ ಜಾಗ ಹೆಚ್ಚಾಗಿ ಸೊನ್ನೆಗಳಿಂದಲೇ ತುಂಬಿರುತ್ತದೆ. ಒಮ್ಮೆ ಬಳಸಿ ಫ್ರೀ ಮಾಡಿದ ತುಂಡುಗಳು ಮರುಬಳಕೆಗೆ ಬರತೊಡಗಿದ ಮೇಲೆಯೇ ಹಳೆಯ ಗುರುತುಗಳು ಕಾಣುವುದು. ಚಿಕ್ಕ ಫೈಲು ಕೊಟ್ಟು ಪರೀಕ್ಷಿಸಿದಾಗ ಎಲ್ಲ ಸರಿ, ದೊಡ್ಡ ಪ್ರಾಜೆಕ್ಟ್ ಮೇಲೆ ಓಡಿಸಿದಾಗ ಕುಸಿತ ಎಂಬ ವಿಚಿತ್ರದ ಮೂಲ ಇಲ್ಲಿದೆ. ಅದೇ ಕಾರಣಕ್ಕೆ, ತಪ್ಪನ್ನು ಹಿಡಿಯಲು ಕೋಡನ್ನು ಕತ್ತರಿಸಿ ಕತ್ತರಿಸಿ ಚಿಕ್ಕ ಉದಾಹರಣೆ ಮಾಡಹೊರಟರೆ ಅರ್ಧ ದಾರಿಯಲ್ಲೇ ತಪ್ಪು ಮಾಯವಾಗುತ್ತದೆ.

ಒಂದು ಯಂತ್ರದಲ್ಲಿ ಕೆಟ್ಟು ಇನ್ನೊಂದರಲ್ಲಿ ಕೆಡದಿರುವುದಕ್ಕೂ ಇದೇ ವಿವರಣೆ. ಈಗಿನ ಆಪರೇಟಿಂಗ್ ಸಿಸ್ಟಮ್‌ಗಳು ಭದ್ರತೆಗಾಗಿ ಪ್ರತಿ ಓಟಕ್ಕೂ ಸ್ಟ್ಯಾಕ್ ಮತ್ತು ಹೀಪ್‌ನ ವಿಳಾಸ ಬದಲಿಸುತ್ತವೆ. ಉಳಿದುಹೋದ ಬೆಲೆ ಒಂದು ಹಳೆಯ ಪಾಯಿಂಟರ್ (ಮೆಮೊರಿಯ ವಿಳಾಸ) ಆಗಿದ್ದರೆ ಅದು ಪ್ರತಿ ಸಲವೂ ಬೇರೆ. ಬಿಲ್ಡ್ ನಡೆಯುವ ಡೈರೆಕ್ಟರಿಯ ಹೆಸರು ಉದ್ದವಾದರೆ, ಆ ಹೆಸರನ್ನು ಹಿಡಿದ ಬಫರ್‌ನಲ್ಲಿ ತುಂಬಿದ ಭಾಗವೂ ಉದ್ದ, ಬಿಟ್ಟುಹೋಗುವ ಉಳಿಕೆಯೂ ಬೇರೆ. ಲಿನಕ್ಸ್‌ನಲ್ಲಿ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಬಳಕೆದಾರನ ಹೆಸರಿನಂಥ, ಪ್ರೋಗ್ರಾಂಗೆ ಹೊರಗಿನಿಂದ ಸಿಗುವ ವಿವರಗಳ) ಪಠ್ಯ ಸ್ಟ್ಯಾಕ್‌ನ ತುದಿಯಲ್ಲೇ ಕೂರುತ್ತದೆ; ಬಳಕೆದಾರನ ಹೆಸರು ಎರಡಕ್ಷರ ಉದ್ದವಾದರೂ ಅದರ ಕೆಳಗಿನದೆಲ್ಲ ಕದಲಬಹುದು. 'ನನ್ನ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಇದೆ' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ತಪ್ಪು ಹುಡುಕಲೆಂದು ಕಟ್ಟುವ ಡೀಬಗ್ ಬಿಲ್ಡ್ ಸರಿ, ಬಳಕೆದಾರರಿಗಾಗಿ ಕಟ್ಟುವ ರಿಲೀಸ್ ಬಿಲ್ಡ್ ತಪ್ಪು ಎಂಬುದು ಇದರ ಇನ್ನೊಂದು ಮುಖ. ಮೈಕ್ರೋಸಾಫ್ಟ್‌ನ ವಿಷುಯಲ್ ಸಿ ಪ್ಲಸ್ ಪ್ಲಸ್ ಡೀಬಗ್ ಬಿಲ್ಡ್‌ನಲ್ಲಿ ಹೀಪ್‌ನ ಹೊಸ ಬೈಟುಗಳಿಗೆಲ್ಲ 205 ತುಂಬುತ್ತದೆ. ಅಂಥ ನಾಲ್ಕು ಬೈಟುಗಳನ್ನು ಒಟ್ಟಿಗೆ ಒಂದು ಪೂರ್ಣಾಂಕವಾಗಿ ನೋಡಿದರೆ ಕಾಣುವುದು -842150451. ಪಳಗಿದ ಪ್ರೋಗ್ರಾಮರ್‌ಗಳಿಗೆ ಈ ಸಂಖ್ಯೆ ಕಂಡರೆ ಸಾಕು, ಏನಾಗಿದೆ ಎಂದು ಗೊತ್ತಾಗುತ್ತದೆ. ಆದರೆ ಬೆಲೆ ತುಂಬದ ಆ ಜಾಗ ಹೌದು-ಇಲ್ಲ ಎಂಬ ಫ್ಲ್ಯಾಗ್ ಆಗಿದ್ದರೆ? 205 ಸೊನ್ನೆಯಲ್ಲ, ಹಾಗಾಗಿ ಡೀಬಗ್‌ನಲ್ಲಿ ಸದಾ 'ಹೌದು'. ರಿಲೀಸ್‌ನಲ್ಲಿ ಅದೃಷ್ಟ ಇದ್ದಂತೆ.

ಇಷ್ಟು ಹೊತ್ತು ಹೇಳಿದ್ದು ಆ ಜಾಗವನ್ನು ನಿಜವಾಗಿ ಓದಿದರೆ ಏನಾಗುತ್ತದೆ ಎಂದು. ಕಂಪೈಲರ್ ಓದಲೇಬೇಕೆಂದಿಲ್ಲ. ಬೆಲೆ ತುಂಬದ ವೇರಿಯಬಲ್ ಓದಿದರೆ ಏನಾಗಬೇಕೆಂದು ಸಿ ಮತ್ತು ಸಿ ಪ್ಲಸ್ ಪ್ಲಸ್ ನಿಯಮಗಳು ಬಹುಪಾಲು ಹೇಳಿಯೇ ಇಲ್ಲ. ಹಾಗಾಗಿ ಆಪ್ಟಿಮೈಸೇಶನ್ (ಕೋಡನ್ನು ವೇಗಗೊಳಿಸುವ ಕೆಲಸ) ಮಾಡುವಾಗ ಕಂಪೈಲರ್ ತನಗೆ ಅನುಕೂಲವಾದ ಬೆಲೆಯನ್ನು ಊಹಿಸಿಕೊಳ್ಳಬಹುದು, ಒಂದೊಂದು ಜಾಗದಲ್ಲಿ ಒಂದೊಂದನ್ನು. 'ಫ್ಲ್ಯಾಗ್ ಇದ್ದರೆ ಇದು ಮಾಡು' ಎಂಬ ಸಾಲೂ ನಡೆಯಬಹುದು, ಅದರ ಮುಂದಿನ 'ಫ್ಲ್ಯಾಗ್ ಇಲ್ಲದಿದ್ದರೆ ಅದು ಮಾಡು' ಎಂಬ ಸಾಲೂ ನಡೆಯಬಹುದು. ಎರಡೂ ನಡೆಯದೆಯೂ ಇರಬಹುದು. ಕ್ಲ್ಯಾಂಗ್‌ನಂಥ ಕಂಪೈಲರ್‌ಗಳ ಅಡಿಪಾಯವಾದ ಎಲ್‌ಎಲ್‌ವಿಎಂ ತನ್ನ ಒಳಭಾಷೆಯಲ್ಲಿ ಇಂಥ ಬೆಲೆಗಳಿಗೆ 'ಅನ್‌ಡೆಫ್' ಎಂದೇ ಹೆಸರಿಟ್ಟಿದೆ. ಪ್ರತಿ ಬಳಕೆಯಲ್ಲೂ ಅದು ಬೇರೆ ಬೆಲೆಯಾಗಿ ಕಾಣಬಹುದು. ಇದು ಕಂಪೈಲರ್ ಬರೆಯುವವರನ್ನೇ ಎಡವಿಸಿದ ಕಾರಣ, 2020ರ ಎಲ್‌ಎಲ್‌ವಿಎಂ 10ರಲ್ಲಿ 'ಫ್ರೀಜ್' ಎಂಬ ಆದೇಶವೊಂದನ್ನು ಸೇರಿಸಬೇಕಾಯಿತು: ಯಾವುದೋ ಒಂದು ಬೆಲೆಗೆ ಗಟ್ಟಿಯಾಗಿ ನಿಲ್ಲು ಎನ್ನುವುದಕ್ಕೆ. ಅನುಮಾನದ ಜಾಗದಲ್ಲಿ ಒಂದು ಪ್ರಿಂಟ್ ಸಾಲು ಸೇರಿಸಿದ ಕೂಡಲೇ ತಪ್ಪು ಮಾಯವಾಗುವುದು ಭೂತಚೇಷ್ಟೆಯಲ್ಲ. ಆ ಸಾಲು ಸ್ಟ್ಯಾಕ್‌ನ ಜೋಡಣೆಯನ್ನೂ ಕಂಪೈಲರ್‌ನ ಲೆಕ್ಕಾಚಾರವನ್ನೂ ಬದಲಿಸಿರುತ್ತದೆ.

ಬಿಲ್ಡ್ ಕೆಡುವ ರೀತಿಗಳಲ್ಲಿ ನನ್ನನ್ನು ಹೆಚ್ಚು ಸೆಳೆದದ್ದು ಕಂಪೈಲರ್ ತನ್ನನ್ನೇ ಕಟ್ಟಿಕೊಳ್ಳುವಾಗ ಆಗುವಂಥದ್ದು. ಜಿಸಿಸಿಯನ್ನು ಮೂರು ಹಂತದಲ್ಲಿ ಕಟ್ಟುತ್ತಾರೆ. ಯಂತ್ರದಲ್ಲಿ ಈಗಾಗಲೇ ಇರುವ ಕಂಪೈಲರ್ ಮೊದಲ ಹಂತದ ಜಿಸಿಸಿಯನ್ನು ಕಟ್ಟುತ್ತದೆ, ಆ ಜಿಸಿಸಿ ಎರಡನೆಯದನ್ನು, ಎರಡನೆಯದು ಮೂರನೆಯದನ್ನು. ಎರಡನೆಯದೂ ಮೂರನೆಯದೂ ಒಂದೇ ಮೂಲ ಕೋಡ್‌ನಿಂದ, ಒಂದೇ ತರ್ಕದ ಕಂಪೈಲರ್‌ನಿಂದ ಹುಟ್ಟಿದವು. ಹಾಗಾಗಿ ಅವುಗಳ ಆಬ್ಜೆಕ್ಟ್ ಫೈಲುಗಳು (ಕಂಪೈಲ್ ಆದ ತುಂಡುಗಳು) ಒಂದೇ ಆಗಿರಬೇಕು. ಬಿಲ್ಡ್ ಅವನ್ನು ಹೋಲಿಸಿ ನೋಡುತ್ತದೆ, ವ್ಯತ್ಯಾಸ ಕಂಡರೆ 'ಬೂಟ್‌ಸ್ಟ್ರ್ಯಾಪ್ ಕಂಪ್ಯಾರಿಸನ್ ಫೇಲ್ಯೂರ್' ಎಂದು ನಿಂತುಬಿಡುತ್ತದೆ. ಕಂಪೈಲರ್‌ನ ಕೋಡಿನಲ್ಲಿ ಎಲ್ಲೋ ಒಂದು ಫೀಲ್ಡಿಗೆ ಬೆಲೆ ತುಂಬುವುದು ಮರೆತಿದೆ ಎನ್ನಿ. ಮೊದಲ ಹಂತದ ಕಂಪೈಲರ್ ಅಲ್ಲಿ ಸೊನ್ನೆ ಕಂಡು ಒಂದು ಆಪ್ಟಿಮೈಸೇಶನ್ ಮಾಡಿತು, ಎರಡನೆಯದು ಬೇರೇನೋ ಕಂಡು ಅದನ್ನು ಬಿಟ್ಟಿತು. ಇಬ್ಬರೂ ಹುಟ್ಟಿಸಿದ ಕೋಡ್ ಸರಿಯಾಗಿಯೇ ಓಡಬಹುದು. ಆದರೂ ಬಿಲ್ಡ್ ಬಿತ್ತು. ಇಲ್ಲಿ ಬಿದ್ದದ್ದೇ ಒಳ್ಳೆಯದು. ಸಾಮಾನ್ಯ ಪರೀಕ್ಷೆಗಳು ಆ ಮರೆವನ್ನು ಹಿಡಿಯುವುದು ಕಷ್ಟ. ಬಿಲ್ಡ್ ಒಂದನ್ನು ಎರಡು ಸಲ ಮಾಡಿ ಬೈಟು ಬೈಟು ಹೋಲಿಸುವುದು ದುಬಾರಿ ಎನ್ನುವವರಿಗೆ ನಾನು ತೋರಿಸುವುದು ಈ ಉದಾಹರಣೆಯನ್ನೇ.

ಅದೇ ತತ್ವವನ್ನು ಎಲ್ಲ ಸಾಫ್ಟ್‌ವೇರ್‌ಗೂ ಅನ್ವಯಿಸಲು 2013ರಲ್ಲಿ ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯದಲ್ಲಿ ಕೆಲಸ ಶುರುವಾಯಿತು. ಈಗ ಅದನ್ನು ರಿಪ್ರೊಡ್ಯೂಸಿಬಲ್ ಬಿಲ್ಡ್ಸ್ ಎಂದು ಕರೆಯುತ್ತಾರೆ. ಅದೇ ಮೂಲ ಕೋಡ್, ಅದೇ ಉಪಕರಣಗಳಿದ್ದರೆ ಯಾರು ಎಲ್ಲಿ ಕಟ್ಟಿದರೂ ಒಂದೇ ಬೈಟುಗಳು ಬರಬೇಕು ಎಂಬುದು ಅವರ ಪಟ್ಟು. ವ್ಯತ್ಯಾಸಕ್ಕೆ ಸಾಮಾನ್ಯ ಕಾರಣಗಳು ದಿನಾಂಕ, ಫೈಲುಗಳ ಕ್ರಮ, ಡೈರೆಕ್ಟರಿಯ ಹೆಸರು. ಇವುಗಳ ಸಾಲಿನಲ್ಲೇ ಬೆಲೆ ತುಂಬದ ಮೆಮೊರಿಯೂ ಇದೆ, ಮತ್ತು ಅದು ಹೆಚ್ಚಾಗಿ ಅಡಗುವುದು ಸ್ಟ್ರಕ್ಟ್‌ಗಳ (ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಇಡುವ ಕಟ್ಟುಗಳ) ಸಂದಿಯಲ್ಲಿ. ಒಂದು ಬೈಟಿನ ಫೀಲ್ಡ್, ಅದರ ನಂತರ ನಾಲ್ಕು ಬೈಟಿನ ಫೀಲ್ಡ್ ಇದ್ದರೆ ಕಂಪೈಲರ್ ನಡುವೆ ಸಾಮಾನ್ಯವಾಗಿ ಮೂರು ಬೈಟು ಖಾಲಿ ಬಿಡುತ್ತದೆ. ಪ್ರೋಗ್ರಾಮರ್ ಪ್ರತಿ ಫೀಲ್ಡಿಗೂ ಬೆಲೆ ತುಂಬಿದ್ದಾನೆ, ಏನೂ ಮರೆತಿಲ್ಲ. ಆದರೆ ಇಡೀ ಸ್ಟ್ರಕ್ಟನ್ನು ಒಟ್ಟಿಗೆ ಫೈಲಿಗೆ ಬರೆದಾಗ ಆ ಮೂರು ಖಾಲಿ ಬೈಟುಗಳೂ ಜೊತೆಗೆ ಹೋಗುತ್ತವೆ, ತಮ್ಮ ಹಳೆಯ ಬರಹದೊಂದಿಗೆ. ಹಿಂದೆ ಕಟ್ಟಿದ್ದನ್ನು ಉಳಿಸಿಟ್ಟು, ಆ ಫೈಲಿನ ಹ್ಯಾಶ್ (ಬೈಟುಗಳಿಂದ ತೆಗೆದ ಗುರುತು) ಲೆಕ್ಕ ಹಾಕುವ ಬಿಲ್ಡ್ ಕ್ಯಾಶ್ 'ಇದು ಬದಲಾಗಿದೆ' ಎಂದುಕೊಂಡು ಅದರ ಮೇಲೆ ಅವಲಂಬಿಸಿದ್ದನ್ನೆಲ್ಲ ಮತ್ತೆ ಕಟ್ಟತೊಡಗುತ್ತದೆ.

ಈ ಸಂದಿಯ ವಿಷಯ ಇದ್ದಕ್ಕಿದ್ದಂತೆ ಎಲ್ಲರ ಮುಂದೆ ಬಂದದ್ದು 2025ರ ಏಪ್ರಿಲ್‌ನಲ್ಲಿ, ಜಿಸಿಸಿ 15 ಬಿಡುಗಡೆಯಾದಾಗ. ಯೂನಿಯನ್ ಎಂದರೆ ಒಂದೇ ಜಾಗವನ್ನು ಹಲವು ರೂಪದಲ್ಲಿ ನೋಡುವ ವ್ಯವಸ್ಥೆ. ಅದಕ್ಕೆ ಕಂಸದೊಳಗೆ ಒಂದು ಸೊನ್ನೆ ಇಟ್ಟು ಆರಂಭಿಕ ಬೆಲೆ ಕೊಟ್ಟರೆ, ಇಡೀ ಯೂನಿಯನ್ ಸೊನ್ನೆಯಾಗುತ್ತದೆ ಎಂದು ಜನ ವರ್ಷಗಟ್ಟಲೆ ನಂಬಿದ್ದರು. ಹಳೆಯ ಜಿಸಿಸಿ ಹಾಗೇ ಮಾಡುತ್ತಲೂ ಇತ್ತು. ಆದರೆ ಭಾಷೆಯ ನಿಯಮ ಕೊಟ್ಟ ಮಾತು ಮೊದಲ ಸದಸ್ಯನಿಗೆ ಮಾತ್ರ. ಮೊದಲ ಸದಸ್ಯ ಒಂದೇ ಬೈಟಿನದಾಗಿ, ಇನ್ನೊಬ್ಬ ಎಂಟು ಬೈಟಿನವನಾಗಿದ್ದರೆ, ಉಳಿದ ಏಳಕ್ಕೆ ಯಾರೂ ಜವಾಬ್ದಾರರಲ್ಲ. ಜಿಸಿಸಿ 15 ಆ ಅಕ್ಷರಶಃ ಅರ್ಥಕ್ಕೆ ಬಂದು ನಿಂತಿತು. ಸ್ಟ್ಯಾಟಿಕ್ ವೇರಿಯಬಲ್‌ಗಳನ್ನು ಬಿಟ್ಟರೆ ಬೇರೆಡೆ ಇಡೀ ಯೂನಿಯನ್ ಒರೆಸುವ ಭರವಸೆ ಹೋಯಿತು.

ಪರಿಣಾಮ ಊಹಿಸಿ. ಕೋಡ್‌ನಲ್ಲಿ ಒಂದಕ್ಷರ ಬದಲಾಗಿಲ್ಲ. ಹಳೆಯ ಕಂಪೈಲರ್‌ನಲ್ಲಿ ಸರಿ, ಹೊಸದರಲ್ಲಿ ಬಿಲ್ಡ್ ನಡುವೆ ಓಡುವ ಉಪಕರಣ ಕುಸಿಯುತ್ತದೆ. ನೋಡಿದವರು ಸಹಜವಾಗಿ ಹೊಸ ಕಂಪೈಲರ್ ಹಾಳಾಗಿದೆ ಎನ್ನುತ್ತಾರೆ. ನಿಜದಲ್ಲಿ ಆ ಕೋಡ್ ಮೊದಲಿನಿಂದಲೂ ಸಾಲದ ಮೇಲೆ ನಿಂತಿತ್ತು, ಈಗ ಸಾಲ ಕೊಟ್ಟವರು ವಾಪಸು ಕೇಳಿದ್ದಾರೆ. ಸೊನ್ನೆಯಿಲ್ಲದ ಖಾಲಿ ಕಂಸ ಬಳಸಿ ಎಂಬುದು ಜಿಸಿಸಿಯ ಸಲಹೆ. ಅದು ಸಿ ಭಾಷೆಯ ಸಿ23 ಆವೃತ್ತಿಯಲ್ಲಿ ಮತ್ತು ಸಿ ಪ್ಲಸ್ ಪ್ಲಸ್‌ನಲ್ಲಿ ಮಾನ್ಯ. ಹಳೆಯ ನಡವಳಿಕೆಯೇ ಬೇಕೆನ್ನುವವರಿಗೆ ಯೂನಿಯನ್‌ಗಳ ಸಂದಿಗೂ ಸೊನ್ನೆ ತುಂಬುವ ಆಯ್ಕೆಯೊಂದನ್ನೂ ಕೊಟ್ಟಿದ್ದಾರೆ. ಈ ಬದಲಾವಣೆಯನ್ನು ನಾನು ತಪ್ಪೆನ್ನಲಾರೆ. ಆದರೆ ದಶಕಗಳ ಕಾಲ ಸದ್ದಿಲ್ಲದೆ ಕಾಯ್ದ ರಕ್ಷಣೆಯನ್ನು ತೆಗೆಯುವಾಗ, ಅದರ ಮೇಲೆ ಎಷ್ಟು ಕೋಡ್ ನಿಂತಿದೆ ಎಂದು ಮೊದಲೇ ಅಳೆಯಲು ಯಾರಿಗೂ ಸಾಧ್ಯವಿಲ್ಲ ಎಂಬುದು ಆತಂಕದ ಮಾತು.

ಕಂಪೈಲರ್ ಎಚ್ಚರಿಸುವುದಿಲ್ಲವೇ ಎಂದು ಕೇಳಬಹುದು. ಎಚ್ಚರಿಸುತ್ತದೆ, ಕೆಲವೊಮ್ಮೆ ಅತಿಯಾಗಿ. ಖಚಿತವಾಗಿ ಬೆಲೆ ತುಂಬಿಲ್ಲ ಎಂಬುದಕ್ಕೆ ಒಂದು ಎಚ್ಚರಿಕೆ, ತುಂಬದೆ ಇರಬಹುದು ಎಂಬುದಕ್ಕೆ ಇನ್ನೊಂದು. ಜಿಸಿಸಿ 2012ರ 4.7ನೇ ಆವೃತ್ತಿಯಲ್ಲಿ ಈ ಎರಡನ್ನೂ ಬೇರ್ಪಡಿಸಿತು. ಎರಡನೆಯದು ಆಪ್ಟಿಮೈಸೇಶನ್ ಎಷ್ಟು ಆಳಕ್ಕೆ ಹೋಗುತ್ತದೆ ಎಂಬುದರ ಮೇಲೆ ನಿಂತಿರುವ ಕಾರಣ, ಕಂಪೈಲರ್ ಆವೃತ್ತಿ ಬದಲಾದರೆ ಎಚ್ಚರಿಕೆಗಳೂ ಬದಲಾಗುತ್ತವೆ. ಎಚ್ಚರಿಕೆಯನ್ನೆಲ್ಲ ದೋಷವೆಂದೇ ಎಣಿಸುವ ಪ್ರಾಜೆಕ್ಟ್‌ಗಳಲ್ಲಿ ಇದೇ ಇನ್ನೊಂದು ಬಗೆಯ ಬಿಲ್ಡ್ ವೈಫಲ್ಯ: ಕೋಡ್ ಸರಿಯಿದ್ದರೂ ಬಿಲ್ಡ್ ನಿಲ್ಲುತ್ತದೆ. 2020ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಸುಳ್ಳು ಎಚ್ಚರಿಕೆಗಳಿಂದ ಬೇಸತ್ತು ಲಿನಕ್ಸ್ ಕರ್ನಲ್‌ನ ಸಾಮಾನ್ಯ ಬಿಲ್ಡ್‌ನಲ್ಲಿ ಈ ಎರಡನೆಯ ಎಚ್ಚರಿಕೆಯನ್ನು ನಿಲ್ಲಿಸಿಯೇಬಿಟ್ಟರು.

ಎಚ್ಚರಿಕೆ ಬಾಯಿ ಮುಚ್ಚಲೆಂದು ಕಂಡಲ್ಲೆಲ್ಲ ಸೊನ್ನೆ ತುಂಬುವುದು ಎಲ್ಲರಿಗೂ ಗೊತ್ತಿರುವ ಮದ್ದು. ಸೊನ್ನೆಯೇ ಸರಿಯಾದ ಬೆಲೆಯಾಗಿದ್ದರೆ ಸಂತೋಷ. ಅಲ್ಲದಿದ್ದರೆ, ಬೇರೆ ಬೇರೆ ರೀತಿ ತಪ್ಪುತ್ತಿದ್ದ ಪ್ರೋಗ್ರಾಂ ಇನ್ನು ಮೇಲೆ ಒಂದೇ ರೀತಿ ತಪ್ಪುತ್ತದೆ, ಮತ್ತು ಆ ತಪ್ಪನ್ನು ಹಿಡಿಯುವ ಉಪಕರಣಗಳ ಕಣ್ಣಿಗೂ ಅದು ಬೀಳುವುದಿಲ್ಲ. ಅವುಗಳ ಪಾಲಿಗೆ ಅಲ್ಲಿ ಬೆಲೆ ತುಂಬಿದೆಯಲ್ಲ! ಇಂಥ ಆತುರ ಯಾವ ಮಟ್ಟಕ್ಕೆ ಹೋಗಬಹುದೆಂಬುದಕ್ಕೆ ಗುಪ್ತ ಕೀಲಿಗಳನ್ನು ಹುಟ್ಟಿಸುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಗೆ ಡೆಬಿಯನ್‌ನಲ್ಲಿ ಆದದ್ದೇ ಸಾಕ್ಷಿ. ವ್ಯಾಲ್‌ಗ್ರೈಂಡ್ ಎಂಬ ತಪ್ಪು ಹುಡುಕುವ ಉಪಕರಣ ತೋರಿಸುತ್ತಿದ್ದ 'ಬೆಲೆ ತುಂಬದ ಮೆಮೊರಿ' ದೂರನ್ನು ನಿಲ್ಲಿಸಲು 2006ರಲ್ಲಿ ನೋಡಲು ಒಂದೇ ತರಹದ ಎರಡು ಸಾಲುಗಳನ್ನು ತೆಗೆದರು. ಅದರಲ್ಲೊಂದು ತೆಗೆದರೆ ನಷ್ಟವಿರಲಿಲ್ಲ. ಇನ್ನೊಂದು, ಗುಪ್ತ ಕೀಲಿಗಳಿಗೆ ಬೇಕಾದ ಯಾದೃಚ್ಛಿಕತೆಯನ್ನೇ ಸೇರಿಸುತ್ತಿದ್ದ ಸಾಲು. 2008ರ ಮೇ ತಿಂಗಳಲ್ಲಿ ತಪ್ಪು ಹೊರಬೀಳುವವರೆಗೆ ಹುಟ್ಟಿದ ಕೀಲಿಗಳಲ್ಲಿ ಬದಲಾಗುತ್ತಿದ್ದದ್ದು ಪ್ರೋಸೆಸ್‌ನ ಸಂಖ್ಯೆ ಮಾತ್ರ. ಒಂದು ಬಗೆಯ ಯಂತ್ರ, ಒಂದು ಅಳತೆಯ ಕೀಲಿ ಎಂದು ಹಿಡಿದರೆ ಸಾಧ್ಯವಿದ್ದ ಕೀಲಿಗಳು ಹೆಚ್ಚೆಂದರೆ 32,768. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು. ದೂರು ಕೊಟ್ಟ ಉಪಕರಣದ್ದು ಇಲ್ಲಿ ತಪ್ಪಿಲ್ಲ. ಆ ಬೈಟು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಕೊನೆಯವರೆಗೆ ಹಿಂಬಾಲಿಸದೆ ಕೈಹಾಕಿದ್ದು ತಪ್ಪು.

ಹಿಂಬಾಲಿಸುವುದಕ್ಕೆ ಒಳ್ಳೆಯ ಉಪಕರಣಗಳಿವೆ. ಜೂಲಿಯನ್ ಸೀವರ್ಡ್ ಆರಂಭಿಸಿದ ವ್ಯಾಲ್‌ಗ್ರೈಂಡ್ 2002ರಿಂದಲೂ ಇದೆ. ಅದರ ಮೆಮ್‌ಚೆಕ್, ಮೆಮೊರಿಯ ಒಂದೊಂದು ಬಿಟ್ಟಿಗೂ ಪಕ್ಕದಲ್ಲಿ ಇನ್ನೊಂದು ಬಿಟ್ ಇಟ್ಟುಕೊಂಡು 'ಇದಕ್ಕೆ ಬೆಲೆ ತುಂಬಿದೆಯೇ' ಎಂದು ಲೆಕ್ಕವಿಡುತ್ತದೆ. ಬರೀ ನಕಲು ಮಾಡಿದರೆ ಅದು ಸುಮ್ಮನಿರುತ್ತದೆ. ಆ ಬೆಲೆಯ ಆಧಾರದ ಮೇಲೆ ಪ್ರೋಗ್ರಾಂ ಒಂದು ತೀರ್ಮಾನಕ್ಕೆ ಬಂದರೆ, ಅಥವಾ ಆ ಬೈಟನ್ನು ಫೈಲಿಗೆ ಬರೆಯಲು ಹೊರಟರೆ ದೂರು ಕೊಡುತ್ತದೆ. ಬಿಲ್ಡ್ ಉಪಕರಣಗಳಿಗೆ ಈ ಎರಡನೆಯದು ಬಹಳ ಉಪಯುಕ್ತ, ಏಕೆಂದರೆ ಸ್ಟ್ರಕ್ಟ್‌ನ ಸಂದಿಯಿಂದ ಫೈಲಿಗೆ ಸೋರುವ ಬೈಟು ಸಿಕ್ಕಿಬೀಳುವುದು ಅಲ್ಲೇ. ಓಟ 10ರಿಂದ 30 ಪಟ್ಟು ನಿಧಾನವಾಗುತ್ತದೆ. ಕ್ಲ್ಯಾಂಗ್‌ನ ಮೆಮೊರಿ ಸ್ಯಾನಿಟೈಸರ್ ಸುಮಾರು ಮೂರು ಪಟ್ಟಿನಲ್ಲೇ ಮುಗಿಸುತ್ತದೆ, ಆದರೆ ಬಳಸುವ ಲೈಬ್ರರಿಗಳನ್ನೂ ಅದರಡಿಯಲ್ಲೇ ಕಂಪೈಲ್ ಮಾಡಿರಬೇಕು. ಇಲ್ಲವಾದರೆ ಸುಳ್ಳು ದೂರುಗಳ ರಾಶಿ.

ಇಷ್ಟು ಭಾರದ್ದು ಬೇಡವೆಂದರೆ ಸರಳ ದಾರಿಯೂ ಇದೆ: ಸ್ಲೇಟನ್ನು ಬೇಕೆಂದೇ ಕೊಳೆ ಮಾಡುವುದು. ಲಿನಕ್ಸ್‌ನ ಗ್ನೂ ಸಿ ಲೈಬ್ರರಿಯಲ್ಲಿ 'ಮ್ಯಾಲಕ್ ಪರ್ಟರ್ಬ್' ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟರೆ, ಕೊಡುವ ಮತ್ತು ಹಿಂತಿರುಗುವ ಹೀಪ್ ಮೆಮೊರಿಗೆಲ್ಲ ಅದು ಗೊತ್ತಾದ ಬೈಟನ್ನು ಬಳಿಯುತ್ತದೆ. ಮೆಸಾನ್ ಬಿಲ್ಡ್ ವ್ಯವಸ್ಥೆ ಪರೀಕ್ಷೆಗಳನ್ನು ಓಡಿಸುವಾಗ ತಾನಾಗಿಯೇ ಅದಕ್ಕೆ ಪ್ರತಿ ಸಲ ಬೇರೆ ಬೆಲೆ ಕೊಡುತ್ತದೆ. ಸ್ಟ್ಯಾಕ್‌ಗೆ ಇದೇ ಕೆಲಸ ಮಾಡುವ ಆಯ್ಕೆ ಕ್ಲ್ಯಾಂಗ್ 8ರಿಂದ, ಜಿಸಿಸಿ 12ರಿಂದ ಇದೆ. ಅದರಲ್ಲಿ ಎರಡು ಬಗೆ: ಸೊನ್ನೆ ತುಂಬುವುದು, ಇಲ್ಲವೇ ಎದ್ದು ಕಾಣುವ ಕೆಟ್ಟ ಬೆಲೆ ತುಂಬುವುದು. ನನ್ನ ಅಭಿಪ್ರಾಯದಲ್ಲಿ ಪರೀಕ್ಷಿಸುವಾಗ ಕೆಟ್ಟ ಬೆಲೆ, ಬಳಕೆದಾರರಿಗೆ ಕೊಡುವಾಗ ಸೊನ್ನೆ. ಅದಲು ಬದಲಾದರೆ ಎರಡೂ ಕಡೆ ನಷ್ಟ.

ಬಿಲ್ಡ್ ಬಿದ್ದ ಕ್ಷಣದಲ್ಲಿ ಕೈ ಮೊದಲು ಹೋಗುವುದು 'ಮತ್ತೆ ಓಡಿಸು' ಗುಂಡಿಯ ಕಡೆಗೆ. ಅದನ್ನು ಒತ್ತುವ ಮುಂಚೆ ಆ ಓಟದ ಮಧ್ಯಂತರ ಫೈಲುಗಳನ್ನು ಪಕ್ಕಕ್ಕಿಡಿ ಎಂದು ನಾನು ಒತ್ತಾಯಿಸುತ್ತೇನೆ. ಎರಡನೇ ಓಟ ಗೆದ್ದರೆ ಸಂಭ್ರಮಿಸುವುದಲ್ಲ. ಆಗಲೇ ಹೋಲಿಸಲು ಎರಡು ಪ್ರತಿಗಳು ಸಿಕ್ಕಿವೆ. ವ್ಯತ್ಯಾಸ ಒಂದು ಗಡಿಯಾರದ ಸಮಯದಂತೆ ಕಂಡರೆ ಅದು ಬೇರೆ ಕಥೆ. ಸಾಲುಗಳ ಕ್ರಮ ಮಾತ್ರ ಅದಲು ಬದಲಾಗಿದ್ದರೆ ಸಮಾನಾಂತರ ಓಟವನ್ನೋ ಫೈಲುಗಳ ಕ್ರಮವನ್ನೋ ಶಂಕಿಸಿ. ಫೈಲಿನ ಅದೇ ಜಾಗದಲ್ಲಿ ಎರಡು ಮೂರು ಬೈಟು ಮಾತ್ರ ಪ್ರತಿ ಸಲ ಬೇರೆಯಾಗಿ, ಸುತ್ತಲಿನದೆಲ್ಲ ಒಂದೇ ಇದ್ದರೆ ಅದು ಸಂದಿಯ ಲಕ್ಷಣ. 64 ಬಿಟ್ಟಿನ ಲಿನಕ್ಸ್ ಯಂತ್ರದಲ್ಲಿ ಆ ಬೈಟುಗಳ ಜೊತೆ ಎರಡು ಸೊನ್ನೆಗಳೂ ಒಂದು 127ರ ಬೈಟೂ ಕಂಡರೆ, ಅದು ಬಹುಮಟ್ಟಿಗೆ ಯಾವುದೋ ಹಳೆಯ ಪಾಯಿಂಟರ್‌ನ ತುಂಡು. ಸ್ಟ್ಯಾಕ್ ಮತ್ತು ಲೈಬ್ರರಿಗಳ ವಿಳಾಸಗಳು ಅಲ್ಲಿ ಹೆಚ್ಚಾಗಿ ಹಾಗೇ ಇರುತ್ತವೆ.

ಭಾಷೆಯೇ ಇದನ್ನು ತಡೆಯಬಹುದಲ್ಲವೇ? ಜಾವಾದಲ್ಲಿ ಬೆಲೆ ಕೊಡದ ಲೋಕಲ್ ವೇರಿಯಬಲ್ ಓದಿದರೆ ಕಂಪೈಲ್ ಆಗುವುದೇ ಇಲ್ಲ, ರಸ್ಟ್‌ನಲ್ಲೂ ಹಾಗೆಯೇ. ಗೋ ಎಲ್ಲಕ್ಕೂ ತನ್ನದೇ ಸೊನ್ನೆ ಬೆಲೆ ತುಂಬುತ್ತದೆ. ಸಿ ಪ್ಲಸ್ ಪ್ಲಸ್ ಸಮಿತಿ 2024ರ ಮಾರ್ಚ್‌ನಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು: ಸಿ ಪ್ಲಸ್ ಪ್ಲಸ್ 26ರಲ್ಲಿ ಬೆಲೆ ತುಂಬದ ಲೋಕಲ್ ವೇರಿಯಬಲ್ ಓದುವುದು ಇನ್ನೂ ತಪ್ಪೇ, ಆದರೆ ಕಂಪೈಲರ್ ಮನಬಂದಂತೆ ಊಹಿಸಿಕೊಳ್ಳುವ ಹಾಗಿಲ್ಲ, ಆ ಜಾಗದಲ್ಲಿ ನಿಶ್ಚಿತವಾದ ಬೆಲೆಯೊಂದು ಇರಲೇಬೇಕು. ಹಳೆಯ ಕೋಡನ್ನು ಹೊಸ ನಿಯಮದಡಿ ಮತ್ತೆ ಕಂಪೈಲ್ ಮಾಡಿದರೆ ಸಾಕು, 'ಹೌದು'ವೂ 'ಇಲ್ಲ'ವೂ ಒಟ್ಟಿಗೆ ನಡೆಯುವ ವಿಚಿತ್ರ ಅಲ್ಲಿಗೆ ನಿಲ್ಲುತ್ತದೆ. ಆದರೆ ಈ ಹೊಸ ನಿಯಮ ಸ್ಟ್ಯಾಕ್ ಮೇಲಿನ ವೇರಿಯಬಲ್‌ಗಳಿಗೆ ಮಾತ್ರ. ಹೀಪ್‌ನಿಂದ ಪಡೆದ ಮೆಮೊರಿಗೆ ಅದು ಅನ್ವಯಿಸುವುದಿಲ್ಲ. ಚಿಕ್ಕ ಪರೀಕ್ಷೆಯಲ್ಲಿ ಸೊನ್ನೆಯಾಗಿ ಕಂಡು ದೊಡ್ಡ ಬಿಲ್ಡ್‌ನಲ್ಲಿ ಕೈಕೊಡುವ ಆ ಮರುಬಳಕೆಯ ತುಂಡುಗಳು ಅಲ್ಲಿಯೂ ಮೊದಲಿನ ಹಾಗೇ ಉಳಿದಿವೆ.